ದಾರದ ತೂಕ

ನವೆಂಬರ್ ೩, ಸೋಮವಾರ

ಗಂಟಲಿನ ಗಂಟು ತೆಗೆದಿದ್ದಾರೆ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಬೆರಳೆತ್ತಿ ಹೇಳಿದರು: ಈ ತಿಂಗಳು ಪೂರ್ತಿ ಮಾತು ಬಂದ್. ಪಿಸುಮಾತೂ ಬಂದ್. ಮೀರಿದರೆ ಗಾಯ ಗಟ್ಟಿಯಾಗಿ ಧ್ವನಿ ಆಯುಷ್ಯವಿಡೀ ಗರಗಸದ ಹಾಗೆ ಉಳಿಯುತ್ತದಂತೆ.

ಹರಾಜಿನಲ್ಲಿ ಗರಗಸದ ಧ್ವನಿಗೆ ಯಾರು ಸವಾಲು ಹಾಕುತ್ತಾರೆ? ಹುಮನಾಬಾದಿನಿಂದ ನಾನು ಈ ಊರಿಗೆ ತಂದದ್ದು ಒಂದು ಚೀಲ, ಒಂದು ಗಂಟಲು. ಚೀಲ ಹರಿದುಹೋಯಿತು. ಗಂಟಲು ಕೂಕಟ್‌ಪಲ್ಲಿಯಲ್ಲಿ ಶೆಡ್ಡು ಕಟ್ಟಿತು. ಪ್ರತಿ ಭಾನುವಾರ ಅಲ್ಲಿ ಹಳೇ ಮನೆಸಾಮಾನಿನ ಹರಾಜು, ನಮ್ಮ ಕಡೆ ಮಾತಿನಲ್ಲಿ ಐತವಾರದ ಲಿಲಾವು. ಮೂರು ಕಾಲಿನ ಕುರ್ಚಿಯನ್ನು 'ಗೋಡೆಯನ್ನು ಪ್ರೀತಿಸುವ ಕುರ್ಚಿ' ಎಂದು ಕೂಗಿ ಮಾರಿದವನು ನಾನು. ಶೆಡ್ಡಿನ ತಗಡು, ಬೀಗ, ಬೋರ್ಡು ಎಲ್ಲಕ್ಕಿಂತ ಬೆಲೆಯುಳ್ಳದ್ದು ನನ್ನ ಕೊರಳೊಳಗೆ ಇದೆ. ಅದನ್ನು ಈಗ ಉಪಯೋಗಿಸುವ ಹಾಗಿಲ್ಲ.

ಧ್ವನಿ ಮರಳುವವರೆಗೆ ಕೂಗುವವನು ಬಸು, ನನ್ನ ಹೆಂಡತಿಯ ತಮ್ಮ. ಒಳ್ಳೆಯವನು. ಹರಾಜಿಗೆ ಅದೇ ಅಡ್ಡಿ.

ರೇಣುಕಾ ಮಕ್ಕಳು ಬರೆದು ಅಳಿಸುವ ಪಾಟಿ ತಂದುಕೊಟ್ಟಿದ್ದಾಳೆ. ಅಂಗೈ ಅಗಲದ್ದು. ನನ್ನ ಒಂದು ವಾಕ್ಯವೂ ಅದರಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಈ ದಿನಚರಿ. ಒಳಗೆ ಉಳಿದ ಮಾತನ್ನು ಎಲ್ಲಾದರೂ ಇಳಿಸಬೇಕಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳೆಂದಳು, "ಮದುವಿ ಆದಾಗಿಂದ ಇವತ್ತ ಮೊದಲನೇ ಸಲ ನೋಡ್ರಿ, ಫ್ಯಾನಿನ ಸಪ್ಪಳ ಕೇಳಾಕತ್ತೈತಿ."

ನವೆಂಬರ್ ೯, ಭಾನುವಾರ

ಶೆಡ್ಡಿನ ಹಿಂದಿನ ಬೆಂಚಿನಲ್ಲಿ ಗಿರಾಕಿಯ ಹಾಗೆ ಕೂತು ಬಸುವಿನ ಹರಾಜು ನೋಡಿದೆ. ಗಡಿಯಾರ ಎತ್ತಿ ಹಿಡಿದು, "ಇದು ನಡಿಯೂದಿಲ್ರಿ, ಮೊದಲ ಹೇಳಿಬಿಡ್ತೀನಿ," ಎಂದ. ಮುಂದಿನ ಸಾಲಿನವನು ಜೇಬಿಗೆ ಹಾಕಿದ ಕೈಯನ್ನು ಹಾಗೇ ಹೊರಗೆ ತೆಗೆದ.

ಮಲ್ಕಾಜ್‌ಗಿರಿಯಲ್ಲಿ ತೀರಿಕೊಂಡ ರೈಲ್ವೆ ಅಧಿಕಾರಿಯೊಬ್ಬರ ಮನೆಯಿಂದ ಬಂದ ಸಾಮಾನಿನಲ್ಲಿ ಒಂದು ಉದ್ದನೆಯ ಬಟ್ಟೆಚೀಲವಿತ್ತು. ಒಳಗೆ ಕೋಲಿನ ಎರಡು ತುಂಡು, ಜೇನಿನ ಬಣ್ಣ. ಜೋಡಿಸಿದರೆ ಬಾಗಿಲಿಗಿಂತ ಉದ್ದ, ತುದಿ ಪೊರಕೆಕಡ್ಡಿಯಷ್ಟು ಸಣ್ಣ. ಬಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೋಲ್ರಿ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಭಾಳ ಸಣ್ಣ ಕೋಲು." ಯಾರೂ ಸವಾಲು ಹಾಕಲಿಲ್ಲ. ನನ್ನ ಗಂಟಲಲ್ಲಿ ಹತ್ತು ಹೆಸರು ಕುಣಿಯುತ್ತಿದ್ದವು. ನಾಲಿಗೆ ಕಚ್ಚಿಕೊಂಡು ಕೂತೆ.

ಎಲ್ಲ ಮುಗಿದ ಮೇಲೆ ಬಿಳಿ ಟೋಪಿಯ ಮುದುಕರೊಬ್ಬರು ಏದುಸಿರು ಬಿಡುತ್ತ ಬಂದರು. ಹೆಸರು ಸುಬ್ಬರಾಯ. ಮೈಸೂರು ಕಡೆಯವರು, ರಕ್ಷಣಾ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು, ಆ ರೈಲ್ವೆ ಅಧಿಕಾರಿಯ ಪಕ್ಕದ ಬೀದಿಯಲ್ಲೇ ಮನೆ. ಕೋಲನ್ನು ಕೈಗೆ ತೆಗೆದುಕೊಂಡು ಒಮ್ಮೆ ಅಲುಗಿಸಿದರು. ತುದಿ ನಡುಗಿ, ನಿಧಾನವಾಗಿ ನಿಂತಿತು. ಅವರ ಮುಖದಲ್ಲೂ ಏನೋ ಹಾಗೇ ನಡುಗಿ ನಿಂತಿತು.

"ಇದು ಫ್ಲೈ ರಾಡು ಸ್ವಾಮಿ. ಹಾರುಗಾಳ. ಶಿಲ್ಲಾಂಗಿನಲ್ಲಿದ್ದಾಗ ನಂದೂ ಒಂದಿತ್ತು, ವರ್ಗಾವಣೇಲಿ ಟ್ರಂಕಿನ ಕೆಳಗೆ ಸಿಕ್ಕು ಲಟಕ್ ಅಂತು. ಇದರ ದಾರ ಸುತ್ತೋ ರೀಲೆಲ್ಲಿ? ದಾರ ಎಲ್ಲಿ?"

ಇಲ್ಲ ಎಂದು ಕೈಯಾಡಿಸಿದೆ.

"ಬರೀ ಕೋಲು ತಗೊಂಡು ಏನು ಮಾಡ್ಲಿ? ಮೂರೂ ಒಂದಕ್ಕೊಂದು ಹೊಂದಿದ್ರೆ ಮಾತ್ರ ಗಾಳ. ಇಲ್ಲಾಂದ್ರೆ ಜೇಡರಬಲೆ ತೆಗೆಯೋ ಕೋಲು."

ಜೇಡರಬಲೆ ತೆಗೆಯುವ ಕೋಲು! ಬಸುವಿಗೆ ಅದಾದರೂ ಹೊಳೆಯಬಾರದಿತ್ತೆ. ಪಾಟಿಯಲ್ಲಿ ಬರೆದೆ: 'ಸೆಟ್ ಮಾಡಿಸುವೆ. ಆಮೇಲೆ ಹರಾಜು.' ಒಂಟಿ ಮಾಲಿಗಿಂತ ಜೋಡಿ ಮಾಲು ಹೆಚ್ಚು ಏರುತ್ತದೆ. ಇದು ನನ್ನ ಕಸುಬು.

ನವೆಂಬರ್ ೧೧, ಮಂಗಳವಾರ

ರಾಯರು ಮನೆಗೆ ಬಂದು ಗಾಳದ ಪಾಠ ಹೇಳಿದರು. ಬೇರೆ ಗಾಳದಲ್ಲಿ ತುದಿಗೆ ಭಾರ ಕಟ್ಟಿ ಎಸೆಯುತ್ತಾರೆ, ದಾರ ಅದರ ಹಿಂದೆ ಹೋಗುತ್ತದೆ. ಇದರಲ್ಲಿ ತುದಿಗಿರುವುದು ಗರಿಯಿಂದ ಮಾಡಿದ ಹುಳ. ತೂಕವೇ ಇಲ್ಲ. ಎಸೆಯುವುದು ದಾರವನ್ನೇ. ತೂಕ ಇರುವುದು ದಾರದಲ್ಲಿ. ಅದಕ್ಕೇ ದಾರಕ್ಕೆ ತೂಕದ ನಂಬರು. ಯಾವ ನಂಬರಿನ ದಾರ ಎಸೆಯಲು ಮಾಡಿದ್ದೋ ಆ ನಂಬರು ಕೋಲಿನ ಹಿಡಿಯ ಮೇಲೆ. ನಮ್ಮ ಕೋಲಿನ ನಂಬರು ಯಾರದೋ ಕೈ ಉಜ್ಜಿ ಉಜ್ಜಿ ಅಳಿಸಿಹೋಗಿದೆ.

ಚಹಾ ತಂದ ರೇಣುಕಾ ಬಾಗಿಲಲ್ಲೇ ನಿಂತಳು. "ಮೀನ? ಕೊರಳಾಗ ಲಿಂಗಾ ಕಟ್ಕೊಂಡು ಮೀನ ಹಿಡೀತೀರೇನ್ರಿ?"

ಪಾಟಿಗೆ ಕೈ ಹಾಕಿದೆ. ಅಷ್ಟು ದೊಡ್ಡ ಉತ್ತರಕ್ಕೆ ಅದರಲ್ಲಿ ಜಾಗವಿರಲಿಲ್ಲ.

"ನಾನೂ ತಿನ್ನೋನಲ್ಲಮ್ಮಾ," ರಾಯರು ಹೇಳಿದರು. "ಹಿಡಿದು, ಬಿಟ್ಟುಬಿಡ್ತಿದ್ದೆ."

"ಬಿಡೂದಿದ್ರ ಹಿಡಿಯೂದ್ಯಾಕ್ರಿ ರಾಯರ?"

ರಾಯರು ಬಹಳ ಹೊತ್ತು ಚಹಾ ಕುಡಿದರು. ಕೊನೆಗೆ ಒಪ್ಪಂದವಾಯಿತು. ಕೊಕ್ಕೆ ಇಲ್ಲ, ನೀರೂ ಇಲ್ಲ. ದಾರ ಹೊಂದಿಸುವುದಕ್ಕೆ ಮಲ್ಕಾಜ್‌ಗಿರಿಯ ರೈಲ್ವೆ ಮೈದಾನ ಸಾಕು. ತುದಿಗೆ ಉಣ್ಣೆಯ ಎಳೆ ಕಟ್ಟಿದರೂ ನಡೆಯುತ್ತದಂತೆ. ರೇಣುಕಾ ಹೆಣೆಯುತ್ತಿದ್ದ ಸ್ವೆಟರಿನಿಂದ ಚೂರು ಕೆಂಪು ಉಣ್ಣೆ ಕತ್ತರಿಸಿ ರಾಯರ ಕೈಗಿಟ್ಟಳು. "ಇದರಾಗ ಯಾವ ಮೀನ ಸಿಗ್ತೈತೋ ಸಿಗಲಿ."

ನವೆಂಬರ್ ೧೪, ಶುಕ್ರವಾರ

ಮುಂಬೈಯ ಅಂಗಡಿಯಿಂದ ನಾನೇ ರೀಲು, ದಾರ ತರಿಸಿಬಿಟ್ಟೆ. ರಾಯರನ್ನು ಕೇಳಲಿಲ್ಲ. ಮಾಲು ಆರಿಸಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಕೊಪ್ಪರಿಗೆಯಾಗಲಿ ಕದದ ಚಿಲಕವಾಗಲಿ, ಕೈಯಲ್ಲಿ ಹಿಡಿದಾಗ ಕೈ ಇಳಿಯಬೇಕು. ಭಾರವಿದ್ದದ್ದೇ ಮಾಲು, ಹಗುರವಾದದ್ದು ತಗಡು. ಅಂಗಡಿಯಲ್ಲಿದ್ದುದರಲ್ಲಿ ಅತಿ ಭಾರದ ರೀಲು ತರಿಸಿದೆ. ದಾರ ಒಂಬತ್ತನೇ ನಂಬರು. ಐದೂ ಇತ್ತು, ಆರೂ ಇತ್ತು. ಒಂಬತ್ತು ಸಿಗುವಾಗ ಐದನ್ನು ಯಾರು ತೆಗೆದುಕೊಳ್ಳುತ್ತಾರೆ?

ನವೆಂಬರ್ ೧೭, ಸೋಮವಾರ

ಮೈದಾನದಲ್ಲಿ ರಾಯರು ನನ್ನ ರೀಲನ್ನು ಕೈಯಲ್ಲಿ ತೂಗಿ, "ಇದನ್ನ ಹಡಗು ನಿಲ್ಲಿಸೋಕೆ ಇಟ್ಕೊಳ್ಳಿ," ಎಂದರು.

ಆದರೂ ಕಟ್ಟಿದೆವು. ಹಿಡಿಯ ತುದಿಯಲ್ಲಿ ರೀಲು ಜಗ್ಗಿ, ಕೋಲಿನ ಮೂತಿ ಆಕಾಶ ನೋಡಿತು. ಎಸೆದಾಗ ಒಂಬತ್ತನೇ ನಂಬರಿನ ದಾರಕ್ಕೆ ಕೋಲು ಹಿಡಿಯವರೆಗೆ ಬಾಗಿತು. ಎಲ್ಲಿ ಮುರಿಯುತ್ತದೋ ಎಂದು ನನ್ನ ಬಾಯಿ ತೆರೆಯಿತು. ರಾಯರು ಅಂಗೈಯಿಂದ ಮುಚ್ಚಿದರು. ದಾರ ನನ್ನ ಹೆಗಲ ಮೇಲೆ ಹಗ್ಗದ ಹಾಗೆ ರಾಶಿ ಬಿತ್ತು.

"ತಪ್ಪು ನಿಮ್ಮದಲ್ಲ," ರಾಯರೆಂದರು. "ಭಾರ ಹೊರೋದು ಬೇರೆ, ಎಸೆಯೋದು ಬೇರೆ. ಕೋಲಿಗೆ ತನ್ನ ದಾರ ಗೊತ್ತಾಗಬೇಕು, ಅಷ್ಟೇ."

ಒಂಬತ್ತನ್ನು ಹಿಂದಕ್ಕೆ ಕಳಿಸಿ ಹಗುರ ರೀಲು ಬದಲಿಗೆ ಕೇಳಿದ್ದೇನೆ. ರಾಯರ ಹಳೇ ಡಬ್ಬಿಗಳಲ್ಲಿ ಬೇರೆ ಬೇರೆ ನಂಬರಿನ ದಾರಗಳಿವೆಯಂತೆ. ಒಂದೊಂದಾಗಿ ಕಟ್ಟಿ ನೋಡುವುದು. ಈ ಭಾನುವಾರದ ಹರಾಜಿಗೆ ಸೆಟ್ ತಯಾರಾಗುವುದಿಲ್ಲ. ನಷ್ಟವೇನಿಲ್ಲ.

ನವೆಂಬರ್ ೧೯, ಬುಧವಾರ

ಕನಸು. ಶೆಡ್ಡಿನ ತುಂಬ ತಿಳಿನೀರು. ಗಿರಾಕಿಗಳು ನೀರಿನಡಿ ಬೆಂಚುಗಳಲ್ಲಿ ಕೂತಿದ್ದಾರೆ, ಕೂದಲು ಅಲೆಯುತ್ತಿದೆ. ನಾನು ಕೂಗುತ್ತೇನೆ. ಬಾಯಿಂದ ಮಾತಿನ ಬದಲು ದಾರ ಬರುತ್ತದೆ. ಹಳದಿ ದಾರ, ಸುರುಳಿ ಬಿಚ್ಚುತ್ತ, ಯಾರನ್ನೂ ಮುಟ್ಟದೆ. ಯಾರೂ ಸವಾಲು ಹಾಕಲಿಲ್ಲ. ನನಗೆ ಬೇಸರವೂ ಆಗಲಿಲ್ಲ.

ನವೆಂಬರ್ ೨೧, ಶುಕ್ರವಾರ

ನಿನ್ನೆ ಸಂಜೆ ಹಗುರ ರೀಲು ಬಂತು. ಕಂಚಿನ ಬಣ್ಣ, ಲಿಂಬೆಹಣ್ಣನ್ನು ಹಿಡಿದಂತೆ ಅನಿಸುವಷ್ಟೇ ತೂಕ. ಕೋಲಿಗೆ ಸಿಕ್ಕಿಸಿ ಹಿಡಿಯ ಮುಂಭಾಗವನ್ನು ಬೆರಳ ಮೇಲಿಟ್ಟೆ. ಕೋಲು ತಕ್ಕಡಿ ದಂಡದ ಹಾಗೆ ಸಮ ನಿಂತಿತು. ಎಸೆತದಲ್ಲಿ ರೀಲಿಗೆ ಏನೂ ಕೆಲಸವಿಲ್ಲವಂತೆ. ದಾರ ಇಟ್ಟುಕೊಂಡು ಸುಮ್ಮನೆ ಕೂತಿರಬೇಕು, ಅದು ಸರಿಯಾಗಿ ಕೂತರೆ ಮಾತ್ರ ಕೈ ಸೋಲುವುದಿಲ್ಲ. ಇಂಥ ಕೆಲಸಕ್ಕೆ ನಾನು ಯಾವತ್ತೂ ಸಂಬಳ ಕೊಟ್ಟವನಲ್ಲ.

ಇವತ್ತು ನಸುಕಿನಲ್ಲಿ ಮೈದಾನದ ಮೇಲೆ ಮೊಣಕಾಲೆತ್ತರ ಮಂಜು. ಅದರಾಚೆ ರೈಲ್ವೆ ಕ್ವಾರ್ಟರ್ಸಿನ ದೀಪಗಳು ದೋಣಿಗಳ ಹಾಗೆ ತೇಲುತ್ತಿದ್ದವು. ಆರನೇ ನಂಬರು ಕಟ್ಟಿದೆವು. ಒದ್ದೆ ಪಂಚೆ ಬೀಸಿದ ಹಾಗಿತ್ತು. ನಾಲ್ಕು ಕಟ್ಟಿದೆವು. ದಾರ ಹೋದ ಸುದ್ದಿಯೇ ಕೋಲಿಗೆ ಮುಟ್ಟಲಿಲ್ಲ.

ಐದು ಕಟ್ಟಿದೆವು.

ಹಿಂದಕ್ಕೆತ್ತಿದ ಮೇಲೆ ಕಾಯಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ. ನಾನು ಕಾಯುವ ಕಸುಬಿನವನಲ್ಲ. ಗಿರಾಕಿ ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ 'ಮೂರು ಸಲ' ಎಂದು ಮುಗಿಸಿದವನು. ಇವತ್ತು ಕಾದೆ. ಹಿಂದೆಲ್ಲೋ ದಾರ ನೇರವಾದದ್ದು ಅಂಗೈಗೆ ಗೊತ್ತಾಯಿತು, ಯಾರೋ ಅಂಗಿಯ ಚುಂಗನ್ನು ಮೆಲ್ಲಗೆ ಎಳೆದಂತೆ. ಆಗ ಮುಂದಕ್ಕೆ. ಹಳದಿ ಸುರುಳಿ ಮಂಜಿನ ಮೇಲೆ ಬಿಚ್ಚುತ್ತ ಬಿಚ್ಚುತ್ತ ಹೋಗಿ, ಕೆಂಪು ಉಣ್ಣೆ ಕೊನೆಗೆ, ಸದ್ದಿಲ್ಲದೆ, ಇಳಿಯಿತು.

ರಾಯರು ಟೋಪಿ ತೆಗೆದರು. "ಹಾಂ," ಎಂದರು.

ನವೆಂಬರ್ ೨೪, ಸೋಮವಾರ

ನಿನ್ನೆ ಸೆಟ್ಟನ್ನು ಹರಾಜಿಗೆ ಇಡಲಿಲ್ಲ. ಗಿರಾಕಿ ಕಮ್ಮಿ ಇದ್ದರು. ರಾಯರು ಬೆಲೆ ಕೇಳಿದರು, ನಾನು ಪಾಟಿ ಮನೆಯಲ್ಲಿ ಮರೆತಿದ್ದೆ.

ಇವತ್ತು ರೇಣುಕಾ ಜೊತೆಗೆ ಬಂದಳು. ಮೀನಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕಂತೆ. ಚಹಾದ ಫ್ಲಾಸ್ಕು ಹಿಡಿದು ಸಿಮೆಂಟು ಕಟ್ಟೆಯ ಮೇಲೆ ಕೂತಳು. ರಾಯರಿಗೆ ಮೊಣಕಾಲು ನೋವು, ಬೇಗ ಹೊರಟರು. ನಾನು ಎಸೆಯುತ್ತಿದ್ದೆ. ಅವಳು ಮಾತಾಡುತ್ತಿದ್ದಳು.

ಮೊದಲು ಕೆಳಗಿನ ಮನೆಯವರ ನೀರಿನ ಜಗಳ. ಆಮೇಲೆ ಎಲ್ಲಿಂದಲೋ, "ನೀವು ವಾರಾ ವಾರಾ ಹೊತಗೊಂಡು ಬರ್ತೀರಲ್ಲ ಬಾದುಷಾ, ನನಗ ಅದು ಸೇರೂದಿಲ್ರಿ. ಅಂದೂ ಇಲ್ಲ, ಇಂದೂ ಇಲ್ಲ."

ದಾರ ಹುಲ್ಲಿಗೆ ಸಿಕ್ಕಿತು. ಇಷ್ಟು ವರ್ಷದ ಬಾದುಷಾ! ಬಿಡಿಸಿಕೊಂಡು ತಿರುಗಿ ನೋಡಿದೆ. ಯಾಕೆ ಹೇಳಲಿಲ್ಲ ಎಂದು ಹುಬ್ಬೆತ್ತಿದೆ.

"ಯಾವಾಗ ಹೇಳ್ಲಿ? ನೀವು ಪುಡಿಕಿ ಬಿಚ್ಚೂದ್ರಾಗ ಅದರ ಗುಣಗಾನ ಮುಗಿಸಿ, ಅರ್ಧಾ ತಿಂದೂ ಮುಗಿಸಿರ್ತಿದ್ರಿ."

ನವೆಂಬರ್ ೨೬, ಬುಧವಾರ

ಅವಳಿಗೆ ಚಿಕ್ಕಂದಿನಲ್ಲಿ ಮಧುರಾ ಎಂಬ ಗೆಳತಿಯಿದ್ದಳು. ಕಣ್ಣು ಮುಚ್ಚಿಕೊಂಡು ಇಡೀ ಓಣಿ ನಡೆದು ಮನೆಮನೆಯ ಅಡುಗೆ ಏನೆಂದು ವಾಸನೆಯಲ್ಲೇ ಹೇಳುತ್ತಿದ್ದಳಂತೆ. ನನ್ನ ತಾಯಿ ಸಾಯುವ ಮುಂಚೆ ರೇಣುಕಾಳ ಕೈಯಿಂದ ಮಾತ್ರ ಗಂಜಿ ಕುಡಿಯುತ್ತಿದ್ದುದು ಯಾಕೆಂದು ಇವತ್ತು ಗೊತ್ತಾಯಿತು: ಮುಂದಿನ ಗುಟುಕಿಗೆ ಅವಸರ ಮಾಡದೆ ಕಾಯುತ್ತಿದ್ದವಳು ಅವಳೊಬ್ಬಳೇ. ಮಾವ ಹುಮನಾಬಾದಿನಲ್ಲಿ ಬಾಡಿಗೆಗೆ ಮೈಕು ಕೊಡುವ ಅಂಗಡಿ ಇಟ್ಟಿದ್ದರು, ಅದು ನನಗೂ ಗೊತ್ತಿತ್ತು. ಮದುವೆಗೆ ಹಾಡು ಹಾಕಲು, ಸರ್ಕಸ್ಸು ಬಂದರೆ ಡಂಗುರ ಹೊಡೆಯಲು. ಅದರ ಕಥೆಯೊಂದಿದೆ, ನಾಳೆ ಹೇಳುತ್ತೇನೆ ಎಂದಿದ್ದಾಳೆ.

ಇದೆಲ್ಲ ನನ್ನ ಮನೆಯಲ್ಲೇ ಇದ್ದ ಮಾಲು. ಯಾವ ಪಟ್ಟಿಯಲ್ಲೂ ಸೇರಿರಲಿಲ್ಲ.

ನವೆಂಬರ್ ೨೮, ಶುಕ್ರವಾರ

ನಿನ್ನೆ ಮನೆಗೆ ನೆಂಟರು ಬಂದು ಮೈದಾನ ತಪ್ಪಿತು. ಇವತ್ತು ಡಾಕ್ಟರಮ್ಮನ ಹತ್ತಿರ ಒಬ್ಬನೇ ಮೆಟ್ರೋದಲ್ಲಿ ಹೋಗಿ ಬಂದೆ. ಕೊಳವೆ ಇಳಿಸಿ ನೋಡಿ, "ಹಾ, ಅಬ್ ಬೋಲಿಯೇ," ಎಂದು ಮಾತಾಡಲು ಹೇಳಿದರು. ಆ ಎಂದೆ. ಧ್ವನಿ ಬಂತು. ಸಣ್ಣಗೆ, ಬೇರೆ ಯಾರದೋ ಎಂಬಂತೆ. ಗಾಯ ಮಾಯ್ದಿದೆ. ಮೊದಲು ಮೆತ್ತಗೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಹರಾಜು? ಕಿರುಚದೆ, ಮೈಕು ಹಿಡಿದು ಕೂಗುವುದಾದರೆ ಅಡ್ಡಿಯಿಲ್ಲ.

ಗೆದ್ದೆ. ವಾಪಸು ಬರುತ್ತ ಮೆಟ್ರೋದಲ್ಲಿ ನನಗೆ ನಾನೇ ಹೇಳಿಕೊಂಡೆ. ಬಾಯಿಂದಲ್ಲ.

ರೇಣುಕಾ ಬಾಗಿಲು ತೆರೆದಳು. "ಏನಂದ್ರು?"

ಪಾಟಿ ತೆಗೆದು ಬರೆದೆ: 'ಇನ್ನೂ ಸ್ವಲ್ಪ ದಿನ.'

ಸ್ವಲ್ಪ ಸ್ವಲ್ಪ ಎಂದು ಡಾಕ್ಟರಮ್ಮನೂ ಹೇಳಿದ್ದಾರೆ. ಪೂರ್ತಿ ಸುಳ್ಳಲ್ಲ. ಅವಸರವೇನಿದೆ, ಧ್ವನಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೈಕಿನ ಕಥೆಯೂ ಬಾಕಿಯಿದೆ.

ನವೆಂಬರ್ ೩೦, ಭಾನುವಾರ

ಹರಾಜು ಮುಗಿದ ಮೇಲೆ ಬಸು ನನ್ನ ಪಕ್ಕ ಬೆಂಚಿನಲ್ಲಿ ಕುಸಿದ. "ಮಾಮಾ, ಗಿರಾಕಿ ನಿಮ್ಮನ್ನ ಕೇಳಾಕತ್ತಾರ. ನಾ ಕೂಗೂದು ಕೇಳಿ ಮಂದಿ ನಮ್ಮ ಕುರ್ಚಿ ಮ್ಯಾಲ ಕುಂತು, ದಣಿವಾರಿಸಿಕೊಂಡು ಎದ್ದು ಹೋಗಾಕತ್ತಾರ. ಖರೇ ಹೇಳ್ರಿ, ದನಿ ಬರ್ತೈತೋ ಇಲ್ಲೋ?"

ಪಾಟಿ ತೋರಿಸಿದೆ. ಅದೇ ಮೂರು ಪದ. ಬಸು ಓದಿ ಕಣ್ಣು ಬೇರೆ ಕಡೆ ಹೊರಳಿಸಿದ.

ಮನೆಯಲ್ಲಿ ರೇಣುಕಾ ಎರಡು ದಿನದಿಂದ ಏನೂ ಹೇಳುತ್ತಿಲ್ಲ. ನಿನ್ನೆ ಬೆಳಿಗ್ಗೆ ಮೈದಾನಕ್ಕೆ ಬಂದು ಕಟ್ಟೆಯ ಮೇಲೆ ಕೂತಳು. ಚಹಾ ಕೊಟ್ಟಳು. ಕಥೆ ಇಲ್ಲ. ಇವತ್ತು ಪೂಜೆಗೆ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದಳು. ಅಡುಗೆಮನೆಯಿಂದ ಬಸುವಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ದನಿ ಹೋಗೇತಿ ಅಂತ ಕಾಣಸ್ತೈತೋ. ನಮಗ ಹೇಳಾಕ ಮನಸ್ಸಾಗವಲ್ದು ಅವರಿಗೆ. ನೀನೂ ಕೇಳಬ್ಯಾಡ ಇನ್ನ."

ಫ್ಯಾನಿನ ಸಪ್ಪಳ ನನಗೂ ಕೇಳಿಸುತ್ತಿದೆ. ಕೆಟ್ಟ ಸಪ್ಪಳ. ನಾಳೆ ಎಣ್ಣೆ ಬಿಡಿಸಬೇಕು.

ಡಿಸೆಂಬರ್ ೨, ಮಂಗಳವಾರ

ಇವತ್ತಿನಷ್ಟು ದಟ್ಟ ಮಂಜನ್ನು ಈ ಊರಿನಲ್ಲಿ ನೋಡಿದ್ದಿಲ್ಲ. ಎಸೆದ ದಾರ ಅರ್ಧಕ್ಕೇ ಕಾಣೆಯಾಗುತ್ತಿತ್ತು. ಕೆಂಪು ಉಣ್ಣೆ ಎಲ್ಲಿ ಇಳಿಯಿತೆಂದು ಅಂಗೈಯಿಂದಷ್ಟೇ ತಿಳಿಯಬೇಕು. ರಾಯರು ಬಂದಿರಲಿಲ್ಲ. ರೇಣುಕಾ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದಳು, ಅವಳೂ ಅರ್ಧ ಮಂಜು.

ನನ್ನನ್ನು ಸಮಾಧಾನ ಮಾಡಲೆಂದೋ ಏನೋ ಅವಳೇ ಶುರು ಮಾಡಿದಳು. "ಅಪ್ಪನ ಮೈಕಿಂದು ಹೇಳ್ತೀನಂದಿದ್ದೆ ಅಲ್ರಿ. ಸರ್ಕಸ್ ಬಂದಿತ್ತು ಊರಿಗೆ. ಕೂಗೂ ಮನಶ್ಯಾ ಅವತ್ತ ಬರಲಿಲ್ಲ. ಅಪ್ಪ ನನ್ನ ಟಾಂಗಾದಾಗ ಕೂಡಿಸಿ, ಸುತ್ತ ಸೀರಿ ಕಟ್ಟಿ, ಮೈಕ್ ಕೈಯಾಗ ಕೊಟ್ಟ. ಹತ್ತನೇತ್ತ ಓದಾಕತ್ತಿದ್ದೆ ಆವಾಗ. ಆನಿ ಐತಿ, ಹುಲಿ ಐತಿ, ಬರ್ರಿ ಬರ್ರಿ ಅಂತ ಶುರು ಮಾಡಿದೆ ನೋಡ್ರಿ. ಊರಿಗೆ ಊರ ಹೊರಗ ಬಂತು. ಯಾರ ದನಿ, ಯಾರ ದನಿ ಅಂತ. ಸೀರಿ ಸಂದಿಲೆ ನೋಡ್ತೀನಿ, ಟಾಂಗಾದ ಹಿಂದ ಒಬ್ರು ಬರಾಕತ್ತಾರ. ಬಜಾರ ದಾಟಿದ್ರೂ ಬರಾಕತ್ತಾರ, ಕೆರಿ ದಂಡಿಗೆ ಹೋದ್ರೂ ಬಿಡವಲ್ರು…"

ನಿಲ್ಲಿಸಿದಳು. ನನ್ನ ಬೆನ್ನು ನೋಡಿದಳೋ ಏನೋ. "ಬಿಡ್ರಿ. ದನಿ ಕಳಕೊಂಡವರ ಮುಂದ ಎಂಥಾ ದನಿ ಕಥಿ ಹೇಳಾಕ ಕುಂತೆ ನಾ."

ದಾರ ಆಗ ನನ್ನ ಹಿಂದೆ ಗಾಳಿಯಲ್ಲಿತ್ತು. ಪೂರ್ತಿ ಬಿಚ್ಚಿಕೊಂಡು ಅಂಗೈಯನ್ನು ಎಳೆಯಿತು. ನಾನು ಮುಂದಕ್ಕೆ ಬೀಸಲಿಲ್ಲ. ಅದು ಹುಲ್ಲಿನ ಮೇಲೆ ಬಿತ್ತು.

"ಆಮ್ಯಾಲೇನಾತು?" ಎಂದೆ.

"ಏನಾಕ್ಕೈತಿ? ನಮ್ಮವ್ವ. ಕೈಯಾಗ ಚಪ್ಪಲಿ ಹಿಡಕೊಂಡು ಓಡಿ ಬರಾಕತ್ತಾಳ. ಹೆಣಮಗಳ ದನಿ ಊರ ಮಂದಿಗೆ ಹಂಚತೀಯೇನು ಅಂತ ಅಪ್ಪಗ ನಡು ದಾರ್ಯಾಗ ಬೈದ್ಲು. ನನ್ನ ರಟ್ಟಿ ಹಿಡದು ಇಳಿಸಿದ್ಲು. ಅವತ್ತಿಂದ ಮೈಕ್ ಮುಟ್ಟಲಿಲ್ಲ ನಾ. ಮುಂದಿನ ವರ್ಷ ನಿಮ್ಮ ಮನಿಗೆ ಬಂದೆ. ಇಲ್ಲೆ ಮೈಕ್ ನಿಮ್ಮ ಕೈಯಾಗಿತ್ತು."

ಅಷ್ಟು ಹೇಳಿ ಮುಗಿಸಿ, ಆಮೇಲೆ ತಲೆ ಎತ್ತಿದಳು. ಕೈಯಲ್ಲಿದ್ದ ಲೋಟದ ಚಹಾ ಶಾಲಿನ ಮೇಲೆ ಚೆಲ್ಲಿತು. ಎದ್ದು ಬಂದು ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟಳು, ಮಗುವಿಗೆ ಜ್ವರ ನೋಡುವ ಹಾಗೆ.

"ಇನ್ನೊಮ್ಮೆ ಅನ್ರಿ."

"ರೇಣುಕಾ," ಎಂದೆ.

ಬೆರಳು ಅಲ್ಲೇ ಇದ್ದವು. ಕಣ್ಣು ತುಂಬಿ ಬಂದವು. ಆಮೇಲೆ ಅದೇ ಕಣ್ಣು ಸಣ್ಣದಾದವು. ಹೆಂಡತಿಯ ಲೆಕ್ಕ ನನ್ನ ಲೆಕ್ಕಕ್ಕಿಂತ ಚುರುಕು.

"ಯಾವಾಗ ಬಂತು?"

"ಶುಕ್ರವಾರ."

"ಮತ್ತ ಯಾಕ ಹೇಳಲಿಲ್ಲ?"

ಯಾವ ಮಾಲಿಗೂ ಮಾತು ಹುಡುಕಿ ತಡವರಿಸಿದವನಲ್ಲ ನಾನು. ದಾರ ಸುತ್ತತೊಡಗಿದೆ. ರೀಲು ಟಿಕ್ ಟಿಕ್ ಎನ್ನುತ್ತಿತ್ತು. "ನಾ ಶುರು ಮಾಡಿದ್ರ ನೀ ನಿಲ್ಲಿಸ್ತಿದ್ದಿ," ಎಂದೆ ಕೊನೆಗೆ.

ಕ್ವಾರ್ಟರ್ಸಿನ ಕಡೆ ಒಂದು ರೈಲು ಕಾಣದೆ ಹಾದುಹೋಯಿತು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಶಾಲು ಝಾಡಿಸಿ, ಕಟ್ಟೆಗೆ ಹಿಂದಿರುಗಿ, ಕಾಲು ಮಡಿಚಿ ಸರಿಯಾಗಿ ಕೂತಳು.

"ಲಿಲಾವು ಐತವಾರ ಐತಿ," ಎಂದಳು. "ಅಲ್ಲೀತನಕ ಸುಮ್ಮನಿರ್ರಿ. ನಂದಿನ್ನೂ ಮುಗದಿಲ್ಲ."